ಎರಡು ಅಂಗುಲ ನೀರಿನ ಕಾವಲು

ಅಡುಗೆಮನೆಯ ಗೋಡೆಯ ಆಚೆಗೆ, ಮಲಗುವ ಕೋಣೆಗೆ ಅಂಟಿಕೊಂಡಂತೆ ಕಕ್ಕಸು ಇರುವುದು ಈಗ ಯಾರಿಗೂ ವಿಚಿತ್ರವಲ್ಲ. ಎರಡು ತಲೆಮಾರಿನ ಹಿಂದೆ ಅದು ಊರಾಚೆಯ ಬಯಲಿನಲ್ಲಿತ್ತು. ಅನುಕೂಲಸ್ಥರ ಮನೆಗಳಲ್ಲಿ ಹಿತ್ತಲಿನ ಕೊನೆಯಲ್ಲಿತ್ತು. ಅಷ್ಟು ದೂರವಿದ್ದದ್ದು ಮನೆಯೊಳಗೆ ಬಂದದ್ದು ಬಿಳಿ ಪಿಂಗಾಣಿಯ ಹೊಳಪಿನಿಂದಲ್ಲ, ಗೋಡೆಗೆ ಹಚ್ಚಿದ ಟೈಲ್ಸಿನಿಂದಲೂ ಅಲ್ಲ. ಕಮೋಡಿನ ಅಡಿಯ ಬಾಗಿನಲ್ಲಿ ಹಗಲೂ ರಾತ್ರಿ ನಿಂತಿರುವ ಎರಡು ಅಂಗುಲ ನೀರಿನಿಂದ.

ಮಲ ಕೊಳೆಯುವಾಗ ಹೈಡ್ರೋಜನ್ ಸಲ್ಫೈಡ್, ಮೀಥೇನ್‌ನಂಥ ಅನಿಲಗಳು ಹುಟ್ಟುತ್ತವೆ. ನಮ್ಮ ಬಚ್ಚಲಿನಿಂದ ಬೀದಿಯ ಒಳಚರಂಡಿಯವರೆಗೆ, ಇಲ್ಲವೇ ಹಿತ್ತಲಿನ ಗುಂಡಿಯವರೆಗೆ ಇರುವುದು ಒಂದೇ ಟೊಳ್ಳು ದಾರಿ. ಆ ದಾರಿಯಲ್ಲಿ ಬಾಗಿಲಿಲ್ಲ, ಬೀಗವಿಲ್ಲ. ದುರ್ನಾತ, ಜಿರಲೆ, ಸೊಳ್ಳೆ ಯಾವುದೂ ಹಿಂದಿರುಗಿ ಬಾರದಂತೆ ತಡೆಯುವುದು ಬಾಗಿದ ಕೊಳವೆಯಲ್ಲಿ ಉಳಿದುಕೊಂಡ ಸುಮಾರು 50 ಮಿಲಿಮೀಟರ್ ಆಳದ ನೀರು ಮಾತ್ರ. ಆ ಬಾಗನ್ನು ಪ್ಲಂಬರುಗಳು ಟ್ರ್ಯಾಪ್ ಎನ್ನುತ್ತಾರೆ, ಅದರಲ್ಲಿ ನಿಂತ ನೀರನ್ನು ವಾಟರ್ ಸೀಲ್ ಎನ್ನುತ್ತಾರೆ.

ಸ್ಯಾನಿಟರಿವೇರ್ ಅಂಗಡಿಯಲ್ಲಿ ಕಿವಿಗೆ ಬೀಳುವ ನೂರಾರು ಹೆಸರುಗಳು ಈ ಒಂದು ಸಂಗತಿ ಗೊತ್ತಿದ್ದರೆ ತಮ್ಮತಮ್ಮ ಜಾಗದಲ್ಲಿ ಹೋಗಿ ಕೂರುತ್ತವೆ. ಕೆಲವು ಭಾಗಗಳ ಕೆಲಸ ಆ ನೀರನ್ನು ಹಿಡಿದಿಡುವುದು. ಕೆಲವುಗಳ ಕೆಲಸ ಪ್ರತಿ ಸಲವೂ ಅದನ್ನು ಹೊಸದಾಗಿ ತುಂಬುವುದು. ಇನ್ನು ಕೆಲವು ಅದು ಆರದಂತೆ, ಯಾರೂ ಹೀರಿಕೊಂಡು ಹೋಗದಂತೆ ಕಾಯುತ್ತವೆ. ಉಳಿದವು ಅದನ್ನು ದಾಟಿಹೋದದ್ದನ್ನು ಸುರಕ್ಷಿತವಾಗಿ ಸಾಗಿಸುತ್ತವೆ.

ಮನೆ ಕಟ್ಟಿಸುವವರು ಟೈಲ್ಸ್ ಆರಿಸಲು ವಾರಗಟ್ಟಲೆ ಅಂಗಡಿ ಸುತ್ತುತ್ತಾರೆ. ಸ್ಲ್ಯಾಬಿನ ಮೇಲೆ ನಿಂತ ಮೇಸ್ತ್ರಿ "ಸಾರ್, ಪಿ ಹಾಕ್ಲಾ, ಎಸ್ ಹಾಕ್ಲಾ?" ಎಂದು ಕೇಳಿದಾಗ "ನಿಮಗೆ ಯಾವುದು ಸರಿ ಅನ್ಸುತ್ತೋ ಅದೇ ಹಾಕಿ" ಎಂದು ಕೈತೊಳೆದುಕೊಳ್ಳುತ್ತಾರೆ. ಆ ಅರೆನಿಮಿಷದ ಉತ್ತರ ಕಾಂಕ್ರೀಟಿನಡಿ ಸೇರಿ, ಮನೆ ಇರುವವರೆಗೂ ಅಲ್ಲೇ ಇರುತ್ತದೆ. ಟೈಲ್ಸ್ ಯಾವಾಗ ಬೇಕಾದರೂ ಬದಲಾಯಿಸಬಹುದು; ಕೆಳಗಿನ ಕೊಳವೆಯನ್ನು ಬದಲಾಯಿಸಬೇಕಾದರೆ ಮನೆಯನ್ನೇ ಅಗೆಯಬೇಕು.

ಲಂಡನ್ ಕಲಿತ ಪಾಠ

ಫ್ಲಶ್ ಮಾಡುವ ಕಕ್ಕಸಿನ ಯೋಚನೆ ಹಳೆಯದು. ಇಂಗ್ಲೆಂಡಿನ ಜಾನ್ ಹ್ಯಾರಿಂಗ್ಟನ್ 1596ರಲ್ಲೇ ಅಂಥದೊಂದು ಸಾಧನವನ್ನು ವಿವರಿಸಿ ಪುಸ್ತಕ ಬರೆದ. ಅದಕ್ಕೆ ಬಾಗಿದ ಕೊಳವೆ ಇರಲಿಲ್ಲ. ಕೆಳಗಿನ ನಾತ ನೇರ ಮೇಲೆ ಬರುತ್ತಿತ್ತು. ಸುಮಾರು 180 ವರ್ಷಗಳ ನಂತರ, 1775ರಲ್ಲಿ, ಲಂಡನ್ನಿನಲ್ಲಿದ್ದ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಬೋಗುಣಿಯ ಕೆಳಗಿನ ಕೊಳವೆಯನ್ನು ಬಾಗಿಸಿ, ಅದರಲ್ಲಿ ನೀರು ನಿಲ್ಲುವಂತೆ ಮಾಡಿ ಪೇಟೆಂಟ್ ಪಡೆದ. ಮೂರು ವರ್ಷಗಳ ನಂತರ ಜೋಸೆಫ್ ಬ್ರಾಮಾ ಅದರ ಕವಾಟವನ್ನು ಸುಧಾರಿಸಿದ. ಇವತ್ತು ಯಾವುದೇ ಕಂಪನಿಯ, ಯಾವುದೇ ಬೆಲೆಯ ಕಮೋಡ್ ಕೊಂಡರೂ ಅದರೊಳಗೆ ಇರುವುದು ಕಮಿಂಗ್‌ನ ಆ ಬಾಗೇ.

ಬಾಗು ಮನೆಯ ಒಳಗನ್ನು ಕಾಯಿತು, ಊರನ್ನು ಕಾಯಲಿಲ್ಲ. ಲಂಡನ್ನಿನ ಮನೆಗಳಿಗೆ ಫ್ಲಶ್ ಕಕ್ಕಸು ಬಂದಂತೆಲ್ಲ ಹಳೆಯ ಮಲಗುಂಡಿಗಳು ಉಕ್ಕಿ ಹರಿದವು. 1854ರಲ್ಲಿ ಅಲ್ಲಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲರಾ ಹಬ್ಬಿದಾಗ, ವೈದ್ಯ ಜಾನ್ ಸ್ನೋ ಅದರ ಜಾಡು ಹಿಡಿದು ಒಂದು ಕೈಪಂಪಿನ ಬುಡಕ್ಕೆ ಹೋಗಿ ನಿಂತ. ಆ ಪಂಪಿನ ಬಾವಿಗೆ ಕೆಲವೇ ಅಡಿ ದೂರದಲ್ಲಿದ್ದ ಮಲಗುಂಡಿಯಿಂದ ಕೊಳಕು ಜಿನುಗುತ್ತಿತ್ತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನೊಳಗೇ ನುಗ್ಗಿತು. ಆಮೇಲೆಯೇ ಎಂಜಿನಿಯರ್ ಜೋಸೆಫ್ ಬೇಜಲ್ಜೆಟ್ ರೂಪಿಸಿದ ದೊಡ್ಡ ಒಳಚರಂಡಿ ಜಾಲಕ್ಕೆ ಹಣ ಸಿಕ್ಕಿದ್ದು. ಕಣ್ಣಿಗೆ ಕಾಣುವ ಕಕ್ಕಸು ಅರ್ಧ ಮಾತ್ರ, ಅದು ಹೋಗಿ ಸೇರುವ ಜಾಗ ಇನ್ನರ್ಧ ಎಂಬ ಪಾಠವನ್ನು ಲಂಡನ್ ಸಾವಿರಾರು ಜೀವ ತೆತ್ತು ಕಲಿಯಿತು. ಗುಂಡಿಯ ಪಕ್ಕದಲ್ಲೇ ಬಾವಿ, ಬೋರ್‌ವೆಲ್ ಇರುವ ನಮ್ಮ ಊರುಗಳಲ್ಲಿ ಆ ಪಾಠ ಹಳತಾಗಿಲ್ಲ.

ಯಾವುದು ಯಾರಿಗೆ?

ಕುಕ್ಕರಗಾಲಲ್ಲಿ ಕೂರುವ ನಮ್ಮ ದೇಶಿ ಕಕ್ಕಸಿಗೆ ಅಂಗಡಿಯ ಹೆಸರು ಇಂಡಿಯನ್ ಪ್ಯಾನ್. ಇದರಲ್ಲಿ ಪಾದ ಇಡುವ ಜಾಗವೂ ಸೇರಿ ಒಂದೇ ಅಚ್ಚಿನಲ್ಲಿ ಬರುವುದು ಒರಿಸ್ಸಾ ಪ್ಯಾನ್. ಬರೀ ಉದ್ದನೆಯ ಬೋಗುಣಿಯಷ್ಟೇ ಬಂದು, ಕಾಲಿಡುವ ಕಲ್ಲನ್ನು ಬೇರೆಯಾಗಿ ಕೂರಿಸುವುದು ಲಾಂಗ್ ಪ್ಯಾನ್. ಎರಡಕ್ಕೂ ಟ್ರ್ಯಾಪ್ ಬೇರೆಯಾಗಿ ಕೊಳ್ಳಬೇಕು. ಹಳ್ಳಿಗಳಲ್ಲಿ ಬಳಸುವ ರೂರಲ್ ಪ್ಯಾನ್ ಬೇರೆಯದೇ ಲೆಕ್ಕದ್ದು. ಅದರ ಇಳಿಜಾರು ಕಡಿದು, 25ರಿಂದ 28 ಡಿಗ್ರಿ. ಟ್ರ್ಯಾಪಿನಲ್ಲಿ ನಿಲ್ಲುವ ನೀರಿನ ಆಳ 20 ಮಿಲಿಮೀಟರ್ ಮಾತ್ರ. ಹೀಗಾಗಿ ಒಂದೂವರೆ ಎರಡು ಲೀಟರ್ ನೀರು ಸುರಿದರೂ ತೊಳೆದುಹೋಗುತ್ತದೆ. ನಲ್ಲಿಯಿಲ್ಲದ, ಕೊಡದಲ್ಲಿ ನೀರು ಹೊತ್ತು ತರುವ ಮನೆಗೆ ಈ ವ್ಯತ್ಯಾಸ ದೊಡ್ಡದು. ಅಂಥ ಮನೆಗೆ ಪಟ್ಟಣದ ಪ್ಯಾನ್ ಹಾಕಿಕೊಟ್ಟರೆ ಅದು ಬಹುಬೇಗ ಸೌದೆ ಒಟ್ಟುವ ಕೋಣೆಯಾಗುತ್ತದೆ.

ಕುರ್ಚಿಯಂತೆ ಕೂರುವುದಕ್ಕೆ ನಾವೆಲ್ಲ ಹೇಳುವುದು ವೆಸ್ಟರ್ನ್ ಕಮೋಡ್, ಬಿಲ್ಲಿನಲ್ಲಿ ಬರೆಯುವುದು ಇಡಬ್ಲ್ಯೂಸಿ. ಫ್ಲಶ್ ಟ್ಯಾಂಕ್ ಬೇರೆ, ಬೋಗುಣಿ ಬೇರೆ ಬಂದು ಜೋಡಿಸುವುದು ಟೂ ಪೀಸ್. ಎರಡೂ ಒಂದೇ ಪಿಂಗಾಣಿಯಾದರೆ ಒನ್ ಪೀಸ್. ಟೂ ಪೀಸ್‌ನಲ್ಲಿ ಒಂದು ಒಡೆದರೆ ಒಂದನ್ನೇ ಬದಲಾಯಿಸಬಹುದು. ಒನ್ ಪೀಸ್‌ನಲ್ಲಿ ಸಂದಿ ಕಡಿಮೆ, ಒರೆಸುವುದು ಸುಲಭ. ನೆಲ ಮುಟ್ಟದೆ ಗೋಡೆಗೆ ನೇತಾಡುವುದು ವಾಲ್ ಹಂಗ್. ಅದರ ಅಡಿಯಲ್ಲಿ ಸಲೀಸಾಗಿ ನೆಲ ತೊಳೆಯಬಹುದು. ಆದರೆ ಕೂತವರ ಭಾರವನ್ನೆಲ್ಲ ಗೋಡೆಯೋ ಒಳಗೆ ಹುಗಿದ ಕಬ್ಬಿಣದ ಫ್ರೇಮೋ ಹೊರಬೇಕು. ಆದ್ದರಿಂದ ಗೋಡೆ ಕಟ್ಟುವ ಮೊದಲೇ ಇದನ್ನು ನಿರ್ಧರಿಸಬೇಕು. ಬೋಗುಣಿಯ ಅಂಚಿನ ಒಳಮಡಿಕೆಯೇ ಇಲ್ಲದ್ದು ರಿಮ್‌ಲೆಸ್. ಕಣ್ಣಿಗೆ ಕಾಣದೆ ಕೊಳೆ ಕಟ್ಟುವ ಜಾಗ ಅದೇ ಆದ್ದರಿಂದ ಈ ವಿನ್ಯಾಸ ನಿಜಕ್ಕೂ ಉಪಯೋಗದ್ದು.

ಆಂಗ್ಲೋ ಇಂಡಿಯನ್ ಎಂಬುದೊಂದಿದೆ. ಕಮೋಡಿನ ಎತ್ತರವೇ ಇದ್ದು, ಅಂಚಿನ ಎರಡೂ ಬದಿಗೆ ಪಾದ ಇಡುವಷ್ಟು ಅಗಲ ಬಿಟ್ಟಿರುತ್ತಾರೆ; ಸೀಟಿನ ಮೇಲೆ ಕೂರಲೂಬಹುದು, ಹತ್ತಿ ಕುಕ್ಕರಿಸಲೂಬಹುದು. ಕೂಡುಕುಟುಂಬಕ್ಕೆ ಅನುಕೂಲವೆಂದು ಕೊಳ್ಳುವವರು ಒಂದು ಯೋಚಿಸಬೇಕು: ಒದ್ದೆ ಪಿಂಗಾಣಿಯ ಮೇಲೆ ಹತ್ತುವುದು ವಯಸ್ಸಾದವರಿಗೆ ಅಪಾಯ. ಮಂಡಿನೋವಿನ ಹಿರಿಯರಿರುವ ಮನೆಗೆ ಸಾದಾ ಕಮೋಡ್, ಪಕ್ಕದ ಗೋಡೆಗೆ ಹಿಡಿದು ಏಳಲು ಗಟ್ಟಿಯಾದ ಕಂಬಿ, ಹೊರಮುಖವಾಗಿ ತೆರೆಯುವ ಬಾಗಿಲು ಇದ್ದರೆ ಸಾಕು. ಒಳಗೆ ಬಿದ್ದವರನ್ನು, ಒಳಮುಖವಾಗಿ ತೆರೆಯುವ ಬಾಗಿಲಿನಿಂದಾಗಿ ಹೊರತೆಗೆಯಲಾಗದೆ ಒದ್ದಾಡುವ ಸ್ಥಿತಿ ಯಾವ ಮನೆಗೂ ಬರಬಾರದು.

ತೊಳೆಯುವ ವಿಧಾನವೂ ಎರಡು ಬಗೆ. ನೀರಿನ ರಭಸವೇ ತಳ್ಳಿಕೊಂಡು ಹೋಗುವುದು ವಾಶ್‌ಡೌನ್. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಇನ್ನೊಂದು ಸೈಫಾನಿಕ್. ಡ್ರಮ್ಮಿನಲ್ಲಿದ್ದ ಸೀಮೆಎಣ್ಣೆಗೆ ಕೊಳವೆ ಇಳಿಬಿಟ್ಟು ಒಮ್ಮೆ ಎಳೆದರೆ ಆಮೇಲೆ ತಾನಾಗಿ ಹರಿದುಬರುವಂತೆ, ಇಲ್ಲಿ ಹಿಂದಿನ ಬಾಗುಕೊಳವೆ ಪೂರ್ತಿ ತುಂಬಿದ ಕ್ಷಣ ಬೋಗುಣಿಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಸದ್ದು ಕಡಿಮೆ, ಸ್ವಚ್ಛತೆ ಹೆಚ್ಚು. ಆದರೆ ಕೊಳವೆಯ ದಾರಿ ಕಿರಿದು, ಕಟ್ಟಿಕೊಳ್ಳುವ ಸಂಭವವೂ ಹೆಚ್ಚು.

ಪಿ, ಎಸ್ ಮತ್ತು ಅಳತೆಯ ಟೇಪು

ಮೇಸ್ತ್ರಿಯ ಪ್ರಶ್ನೆಗೆ ಉತ್ತರ ಸರಳ. ಕಮೋಡಿನ ಹೊರದಾರಿ ಹಿಂದಿನ ಗೋಡೆಯ ಕಡೆಗೆ ಹೋದರೆ ಪಿ ಟ್ರ್ಯಾಪ್, ನೇರ ನೆಲದೊಳಗೆ ಇಳಿದರೆ ಎಸ್ ಟ್ರ್ಯಾಪ್. ಕೊಳವೆ ಬಾಗುವ ಆಕಾರದಿಂದ ಬಂದ ಹೆಸರುಗಳಿವು. ಮೇಲಿನ ಮಹಡಿಯಲ್ಲಿ, ಹೊರಗೋಡೆಗೆ ಕೊಳವೆ ಹೊಂದಿಸಿದ್ದಲ್ಲಿ ಪಿ ಅನುಕೂಲ. ನೆಲದಡಿಯಲ್ಲೇ ಕೊಳವೆ ಹಾಯುವಲ್ಲಿ ಎಸ್.

ಕೊಳ್ಳುವ ಮೊದಲು ಅಳೆಯಬೇಕಾದದ್ದು ಒಂದೇ. ಎಸ್ ಆದರೆ ಗೋಡೆಯಿಂದ ನೆಲದ ತೂತಿನ ನಡುವಿನವರೆಗಿನ ದೂರ. ಅಂಗಡಿಯವರು 4 ಅಂಗುಲ, 9 ಅಂಗುಲ, 12 ಅಂಗುಲ ಎನ್ನುವುದು ಇದನ್ನೇ. ಇದಕ್ಕೆ ರಫ್ ಇನ್ ಎಂಬ ಹೆಸರಿದೆ. ಪಿ ಆದರೆ ನೆಲದಿಂದ ಗೋಡೆಯ ತೂತಿನ ನಡುವಿನವರೆಗಿನ ಎತ್ತರ, ಸಾಮಾನ್ಯವಾಗಿ 180 ಮಿಲಿಮೀಟರಿನ ಆಸುಪಾಸು. ಎರಡೂ ಅಳತೆ ಟೈಲ್ಸ್ ಹಚ್ಚಿದ ಮೇಲಿನ ಗೋಡೆ ಮತ್ತು ನೆಲದಿಂದ. ಇಟ್ಟಿಗೆ ಗೋಡೆಯಿಂದ ಅಳೆದು, ಆಮೇಲೆ ಗಾರೆ ಮತ್ತು ಟೈಲ್ಸು ಸೇರಿ ಒಂದೂವರೆ ಅಂಗುಲ ತಿಂದುಹಾಕಿದಾಗ ಕಮೋಡ್ ಗೋಡೆಗೆ ತಾಗಿ ಕೂರುವುದೇ ಇಲ್ಲ.

ಕಮೋಡ್ ಮತ್ತು ಕೊಳವೆ ಸೇರುವ ಕಡೆ ರಬ್ಬರಿನ ಪ್ಯಾನ್ ಕನೆಕ್ಟರ್ ಹಾಕಿಸುವುದು ಮೇಲು. ಬರೀ ಸಿಮೆಂಟಿನಿಂದ ಮೆತ್ತಿದ ಕೂಡುಜಾಗ ಅಲುಗಾಟಕ್ಕೆ ಬಿರುಕು ಬಿಡುತ್ತದೆ. ನೀರು ಒಳಗೊಳಗೇ ಇಳಿಯುತ್ತದೆ, ಕೆಳಮನೆಯ ಛಾವಣಿಯಲ್ಲಿ ಕಲೆ ಕಾಣಿಸಿಕೊಂಡ ಮೇಲೆ ತಿಳಿಯುತ್ತದೆ.

ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದರೆ

ಒಮ್ಮೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಒಳಗಿರುವುದು ಎರಡೇ ಯಂತ್ರ. ಒಂದು, ನೀರು ತುಂಬಿಸುವ ಫಿಲ್ಲಿಂಗ್ ವಾಲ್ವ್. ಅದಕ್ಕೆ ಅಂಟಿದ ಫ್ಲೋಟ್ ನೀರಿನ ಜೊತೆ ಮೇಲೇರಿ, ಟ್ಯಾಂಕ್ ತುಂಬಿದಾಗ ನೀರನ್ನು ನಿಲ್ಲಿಸುತ್ತದೆ. ಹಳೆಯದರಲ್ಲಿ ಕಡ್ಡಿಯ ತುದಿಗೆ ಚೆಂಡು ಇರುತ್ತಿತ್ತು, ಅದೇ ಬಾಲ್ ಕಾಕ್. ಇನ್ನೊಂದು, ನೀರನ್ನು ಕೆಳಗೆ ಬಿಡುವ ಫ್ಲಶ್ ವಾಲ್ವ್. ಅದರ ತಳದ ರಬ್ಬರ್ ವಾಷರ್ ಎದ್ದರೆ ನೀರು ಇಳಿಯುತ್ತದೆ, ಕೂತರೆ ನಿಲ್ಲುತ್ತದೆ. ನಡುವೆ ನಿಂತ ಓವರ್‌ಫ್ಲೋ ಕೊಳವೆ, ಫ್ಲೋಟ್ ಕೆಟ್ಟಾಗ ಹೆಚ್ಚಾದ ನೀರನ್ನು ಬೋಗುಣಿಗೆ ಬಿಟ್ಟು ನೆಲ ಒದ್ದೆಯಾಗದಂತೆ ನೋಡಿಕೊಳ್ಳುತ್ತದೆ. ಫ್ಲಶ್‌ನ ಕೊನೆಯ ಹರಿವು ಹೊರಗೆ ಹೋಗದೆ ಬಾಗಿನಲ್ಲಿ ನಿಂತು ಮತ್ತೆ ವಾಟರ್ ಸೀಲ್ ಆಗುತ್ತದೆ. ಗೋಡೆಯ ನಲ್ಲಿಯಿಂದ ಟ್ಯಾಂಕಿಗೆ ನೀರು ಕೊಡುವ ಪುಟ್ಟ ತಿರುಪು ಆ್ಯಂಗಲ್ ಕಾಕ್, ಅಲ್ಲಿಂದ ಹೊರಡುವ ಬಳ್ಳಿಯಂಥದ್ದು ಕನೆಕ್ಷನ್ ಪೈಪ್. ಏನೇ ತೊಂದರೆಯಾದರೂ ಮೊದಲು ಆ ಆ್ಯಂಗಲ್ ಕಾಕ್ ತಿರುಗಿಸಿ ನೀರು ನಿಲ್ಲಿಸುವುದನ್ನು ಮನೆಯ ಎಲ್ಲರೂ, ಮಕ್ಕಳೂ ಕಲಿತಿರಬೇಕು.

ಸರಪಳಿ ಎಳೆಯುವ ಹಳೆಯ ಕಬ್ಬಿಣದ ಟ್ಯಾಂಕುಗಳು ಒಂದು ಸಲಕ್ಕೆ 10 ಲೀಟರಿಗೂ ಹೆಚ್ಚು ನೀರು ಬಿಡುತ್ತಿದ್ದವು. ಈಗಿನ ಡ್ಯುಯಲ್ ಫ್ಲಶ್‌ನಲ್ಲಿ ಎರಡು ಗುಂಡಿ. ದೊಡ್ಡದು ಸಾಮಾನ್ಯವಾಗಿ 6 ಲೀಟರಿಗೆ, ಚಿಕ್ಕದು 3 ಲೀಟರಿಗೆ. ನಾಲ್ಕು ಜನರ ಮನೆಯಲ್ಲಿ ಒಬ್ಬೊಬ್ಬರು ದಿನಕ್ಕೆ ಐದು ಸಲ ಬಳಸುತ್ತಾರೆ ಎಂದುಕೊಳ್ಳೋಣ. 10 ಲೀಟರಿನ ಟ್ಯಾಂಕಿಗೆ 200 ಲೀಟರ್ ಬೇಕು. ಡ್ಯುಯಲ್ ಫ್ಲಶ್‌ನಲ್ಲಿ ಒಮ್ಮೆ ದೊಡ್ಡದು, ನಾಲ್ಕು ಸಲ ಚಿಕ್ಕದು ಒತ್ತಿದರೆ 72 ಲೀಟರ್ ಸಾಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳು ಟ್ಯಾಂಕರಿಗಾಗಿ ಸಾಲು ನಿಂತದ್ದನ್ನು ಕಂಡವರಿಗೆ ಈ ವ್ಯತ್ಯಾಸದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಚಿಕ್ಕ ಗುಂಡಿ ಇರುವುದು ಯಾತಕ್ಕೆಂದು ಗೊತ್ತಿಲ್ಲದೆ ಎರಡನ್ನೂ ಒಟ್ಟಿಗೆ ಒತ್ತುವ ಮನೆಗಳೇ ಹೆಚ್ಚು.

ಸದ್ದಿಲ್ಲದೆ ಸೋರುವ ಟ್ಯಾಂಕು ಇದಕ್ಕಿಂತ ಕೆಟ್ಟದ್ದು. ಪರೀಕ್ಷೆ ಸುಲಭ: ಟ್ಯಾಂಕಿನ ನೀರಿಗೆ ಸ್ವಲ್ಪ ಮಸಿಯನ್ನೋ ಅಡುಗೆಯ ಬಣ್ಣವನ್ನೋ ಹಾಕಿ, ಕಾಲು ಗಂಟೆ ಯಾರೂ ಫ್ಲಶ್ ಮಾಡದಿರಿ. ಬೋಗುಣಿಯಲ್ಲಿ ಬಣ್ಣ ಕಂಡರೆ ತಳದ ವಾಷರ್ ಸವೆದಿದೆ ಎಂದರ್ಥ. ಬದಲಾಯಿಸಲು ಖರ್ಚು ತೀರ ಕಡಿಮೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ಗಡಸು ನೀರಿನ ಸುಣ್ಣ ವಾಷರಿಗೂ ಫಿಲ್ಲಿಂಗ್ ವಾಲ್ವಿನ ಜಾಲರಿಗೂ ಕಟ್ಟಿಕೊಳ್ಳುವುದರಿಂದ ಆಗಾಗ ಬಿಚ್ಚಿ ತೊಳೆಯಬೇಕು. ಟ್ಯಾಂಕನ್ನು ಗೋಡೆಯೊಳಗೆ ಹುಗಿಯುವ ಕನ್ಸೀಲ್ಡ್ ಪದ್ಧತಿ ಆರಿಸುವವರು, ಬಟನ್ ಪ್ಲೇಟ್ ಬಿಚ್ಚಿ ಒಳಗಿನದನ್ನು ರಿಪೇರಿ ಮಾಡಬಹುದೇ, ಬಿಡಿಭಾಗ ತಮ್ಮ ಊರಿನಲ್ಲಿ ಸಿಗುತ್ತದೆಯೇ ಎಂದು ಕೇಳಿಯೇ ಹಣ ಕೊಡಬೇಕು.

ಗೋಡೆಯಲ್ಲಿ ಹುದುಗಿದ ಮೂರು ಕೊಳವೆ

ಬಚ್ಚಲಿನಿಂದ ಹೊರಡುವ ಕೊಳವೆಗಳಲ್ಲಿ ಜಾತಿ ಮೂರು. ಮಲ ಸಾಗಿಸುವುದು ಸಾಯಿಲ್ ಪೈಪ್, ಸಾಮಾನ್ಯವಾಗಿ 110 ಮಿಲಿಮೀಟರ್, ಮಾತಿನಲ್ಲಿ ನಾಲ್ಕಿಂಚು. ಸ್ನಾನದ, ಕೈತೊಳೆಯುವ ನೀರಿನದು ವೇಸ್ಟ್ ಪೈಪ್, 75 ಮಿಲಿಮೀಟರ್. ಮೂರನೆಯದರಲ್ಲಿ ನೀರೇ ಹರಿಯುವುದಿಲ್ಲ. ಅದು ಗಾಳಿಗಾಗಿ ಇರುವ ವೆಂಟ್ ಪೈಪ್.

ಖರ್ಚು ಉಳಿಸಲು ಹಲವರು ಕೈಬಿಡುವುದು ಈ ಮೂರನೆಯದನ್ನೇ, ಎರಡಂಗುಲ ನೀರಿಗೆ ಅಪಾಯ ಬರುವುದೂ ಇಲ್ಲಿಂದಲೇ. ಮೇಲಿನ ಮಹಡಿಯಲ್ಲಿ ಫ್ಲಶ್ ಮಾಡಿದಾಗ ಕೊಳವೆ ತುಂಬ ನೀರು ರಭಸದಿಂದ ಇಳಿಯುತ್ತ ಹಿಂದಿನ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಆ ಗಾಳಿ ಬೇರೆಲ್ಲೂ ಸಿಗದಿದ್ದರೆ ಕೆಳಮನೆಯ ಟ್ರ್ಯಾಪಿನ ನೀರನ್ನೇ ಹೀರುತ್ತದೆ. ಯಾರೋ ಫ್ಲಶ್ ಮಾಡಿದಾಗ ನಿಮ್ಮ ಬಚ್ಚಲಿನ ಜಾಲರಿ ಗುಳುಗುಳು ಎಂದರೆ ಅದೇ ಗುರುತು. ತಾರಸಿಯನ್ನೂ ದಾಟಿ ಮೇಲೆ ನಿಂತ ವೆಂಟ್ ಪೈಪ್ ಆ ಗಾಳಿಯನ್ನು ಒದಗಿಸುತ್ತದೆ, ಒಳಗಿನ ಅನಿಲವನ್ನು ಎತ್ತರದಲ್ಲಿ ಹೊರಬಿಡುತ್ತದೆ. ಅದರ ತಲೆಯ ಮೇಲಿನ ಟೊಪ್ಪಿಗೆಗೆ ಕೌಲ್ ಎನ್ನುತ್ತಾರೆ. ಅದಕ್ಕೊಂದು ಸೊಳ್ಳೆಪರದೆಯ ತುಂಡು ಕಟ್ಟಿದರೆ ಮನೆಯ ಸೊಳ್ಳೆ ಎಷ್ಟೋ ಕಡಿಮೆಯಾಗುತ್ತದೆ.

ಅಡ್ಡ ಮಲಗಿದ ಕೊಳವೆಗೆ ವಾಟ ಬೇಕು. ಇದಕ್ಕೆ ಹಳಬರ ಸೂತ್ರವೊಂದಿದೆ: ಕೊಳವೆಯ ಅಂಗುಲವನ್ನು ಹತ್ತರಿಂದ ಗುಣಿಸು. ನಾಲ್ಕಿಂಚಿಗೆ ನಲವತ್ತಕ್ಕೊಂದು, ಆರಿಂಚಿಗೆ ಅರವತ್ತಕ್ಕೊಂದು. ಅಂದರೆ ನಾಲ್ಕಿಂಚಿನ ಕೊಳವೆ ಹತ್ತಡಿ ಹೋಗುವಷ್ಟರಲ್ಲಿ ಮೂರು ಅಂಗುಲ ಇಳಿದಿರಬೇಕು. ಕಡಿಮೆಯಾದರೆ ಮಲ ಅಲ್ಲಲ್ಲೇ ತಂಗುತ್ತದೆ. ತಿರುವುಗಳಲ್ಲಿ ಮೂಲೆಮಟ್ಟದ ಎಲ್ಬೋ ಬದಲು 45 ಡಿಗ್ರಿಯ ಎರಡು ಬೆಂಡ್ ಹಾಕಿಸಿ. ಮುಚ್ಚಳ ಬಿಚ್ಚಿ ಕಡ್ಡಿ ಹಾಕಬಹುದಾದ ಡೋರ್ ಬೆಂಡ್, ಡೋರ್ ಟೀಗಳನ್ನು ಕೈಗೆ ಸಿಗುವ ಜಾಗದಲ್ಲಿ ಇಡಿಸಿ. ಕೊಳವೆ ಕಟ್ಟಿಕೊಂಡ ದಿನ ಗೋಡೆ ಒಡೆಯುವುದನ್ನು ತಪ್ಪಿಸುವುದು ಅವೇ.

ಬಚ್ಚಲಿನ ನೆಲದ ಜಾಲರಿಯಡಿ ಇರುವುದು ನಹಾನಿ ಟ್ರ್ಯಾಪ್. ಅದರಲ್ಲೂ ನೀರಿನ ಕಾವಲಿದೆ. ಊರಿಗೆ ಹೋಗಿ ತಿಂಗಳ ಮೇಲೆ ಬಂದಾಗ ಮನೆ ನಾರುವುದು, ಅಪರೂಪಕ್ಕೆ ಬಳಸುವ ಅತಿಥಿ ಕೋಣೆಯ ಬಚ್ಚಲು ನಾರುವುದು ಅದರ ನೀರು ಆರಿಹೋಗಿರುವುದರಿಂದ. ಫಿನಾಯಿಲ್, ನುಸಿಗುಳಿಗೆ ಯಾವುದೂ ಇದಕ್ಕೆ ಮದ್ದಲ್ಲ. ಒಂದು ತಂಬಿಗೆ ನೀರು ಸುರಿದರೆ ನಾತ ನಿಲ್ಲುತ್ತದೆ. ಬಹುದಿನ ಊರಿಗೆ ಹೋಗುವಾಗ ಆ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ಬೇಸಿನ್ನಿನ ಕೆಳಗಿನ ಬಾಟಲ್ ಟ್ರ್ಯಾಪ್, ಅಡುಗೆ ಮತ್ತು ಸ್ನಾನದ ನೀರು ಚೇಂಬರ್ (ಕೊಳವೆಗಳು ಕೂಡುವ ಮುಚ್ಚಳದ ಗುಂಡಿ) ಸೇರುವ ಮೊದಲು ಮನೆಯ ಹೊರಗೆ ಸಿಗುವ ಗಲ್ಲಿ ಟ್ರ್ಯಾಪ್, ಎಲ್ಲದರ ಕೆಲಸವೂ ಇದೇ. ಸಾಯಿಲ್ ಪೈಪ್ ಮಾತ್ರ ಗಲ್ಲಿ ಟ್ರ್ಯಾಪಿಗೆ ಬರದೆ ನೇರ ಚೇಂಬರಿಗೆ ಹೋಗಬೇಕು.

ಮಹಡಿಯ ಬಚ್ಚಲಿನಲ್ಲಿ ಸ್ಲ್ಯಾಬನ್ನು ತಗ್ಗಿಸಿ, ಆ ತಗ್ಗಿನಲ್ಲಿ ಕೊಳವೆ ಹಾಯಿಸಿ, ಇಟ್ಟಿಗೆ ಚೂರು ತುಂಬಿ ನೆಲ ಮಾಡುತ್ತಾರೆ. ಇದು ಸಂಕನ್ ಸ್ಲ್ಯಾಬ್. ತುಂಬುವ ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ, ಕನಿಷ್ಠ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನಿಂದ ನೋಡಿ. ಕೆಲಸ ಬೇಗ ಮುಗಿಯಲೆಂದು ಈ ಎರಡು ದಿನ ಉಳಿಸಲು ಹೋದವರು ಆಮೇಲೆ ವರ್ಷಗಟ್ಟಲೆ ಕೆಳಮನೆಯವರ ದೂರು ಕೇಳುತ್ತಾರೆ.

ಎಲ್ಲಿಗೆ ಹೋಗುತ್ತದೆ?

ಚೇಂಬರ್ ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ನಗರಗಳಲ್ಲಿ ಯುಜಿಡಿ, ಅಂದರೆ ಬೀದಿಯ ಒಳಚರಂಡಿ. ಅದರ ಅಳತೆ ಮನೆಯ ಕೊಳಚೆಗೆ ಸರಿಯಾಗಿ ಲೆಕ್ಕ ಹಾಕಿದ್ದು. ತಾರಸಿಯ ಮಳೆನೀರನ್ನೂ ಅದಕ್ಕೇ ಸೇರಿಸಿದರೆ ಮಳೆಗಾಲದಲ್ಲಿ ತಗ್ಗಿನ ಮನೆಗಳ ಬಚ್ಚಲಿನಿಂದ ಕೊಳಚೆ ಉಕ್ಕುತ್ತದೆ. ನಮ್ಮ ಮನೆಯ ಒಂದು ತಪ್ಪು ಕೊಳವೆ ಬೇರೆ ಬೀದಿಯವರ ಮನೆಯನ್ನು ಕೊಳಕು ಮಾಡುವ ಬಗೆ ಇದು. ಬೆಂಗಳೂರಿನ ಕೊಳಚೆಯ ಒಂದು ಪಾಲು ಶುದ್ಧೀಕರಣದ ಬಳಿಕ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ 2018ರಿಂದ ಕೋಲಾರದ ಕೆರೆಗಳನ್ನು ಸೇರುತ್ತಿದೆ. ಬೆಂಗಳೂರಿನಲ್ಲಿ ಕಮೋಡಿಗೆ ಬಣ್ಣ, ಔಷಧ, ಆ್ಯಸಿಡ್ ಸುರಿಯುವವರು ಆ ಕೆರೆಗಳ ಕೆಳಗಿನ ರೈತರನ್ನೂ ನೆನೆಯಬೇಕು.

ಒಳಚರಂಡಿ ಇಲ್ಲದಲ್ಲಿ ಸೆಪ್ಟಿಕ್ ಟ್ಯಾಂಕ್. ಮಲ ಬೀಳುವ ಯಾವುದೇ ಗುಂಡಿಗೆ ಈ ಹೆಸರು ಸಲ್ಲುವುದಿಲ್ಲ. ನಿಜವಾದ ಸೆಪ್ಟಿಕ್ ಟ್ಯಾಂಕಿನ ತಳ, ಗೋಡೆ ಎರಡೂ ನೀರು ಇಂಗದಂತೆ ಕಟ್ಟಿರುತ್ತವೆ. ಒಳಗೆ ಅಡ್ಡಗೋಡೆ, ಎರಡು ಕೋಣೆ, ಬರುವ ಕಡೆಯೂ ಹೋಗುವ ಕಡೆಯೂ ಟೀ ಕೊಳವೆ ಇರುತ್ತವೆ. ಭಾರವಾದದ್ದು ತಳದಲ್ಲಿ ಹೂಳಾಗುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ತಿಳಿ ಹೊರಗೆ ಹರಿಯುತ್ತದೆ. ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣು ತುಂಬಿರುತ್ತದೆ. ಆದ್ದರಿಂದ ಅದು ಇಂಗುಗುಂಡಿಗೆ ಹೋಗಬೇಕು, ಬೀದಿಯ ಮೋರಿಗಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಹೂಳನ್ನು ಹೀರುವ ಗಾಡಿ ಕರೆಸಬೇಕು. ಆ ಗಾಡಿ ತುಂಬಿಕೊಂಡದ್ದನ್ನು ಕೆರೆಯಂಗಳಕ್ಕೆ ಸುರಿದರೆ ಮಾಡಿದ್ದೆಲ್ಲ ವ್ಯರ್ಥ. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲದ ಹೂಳು ಸಂಸ್ಕರಣಾ ಘಟಕ ಈ ಕೊನೆಯ ಕೊಂಡಿಯನ್ನು ಬೆಸೆಯಿತು. ದೇಶದಲ್ಲಿ ಪಟ್ಟಣವೊಂದಕ್ಕೆಂದು ಕಟ್ಟಿದ ಮೊದಮೊದಲ ಇಂಥ ಘಟಕಗಳಲ್ಲಿ ಅದೂ ಒಂದು.

ಹಳ್ಳಿಗೆ ಇವೆಲ್ಲಕ್ಕಿಂತ ಒಳ್ಳೆಯದು ಜೋಡಿಗುಂಡಿ. ಬಿಂದೇಶ್ವರ ಪಾಠಕ್ 1970ರಲ್ಲಿ ಬಿಹಾರದಲ್ಲಿ ಕಟ್ಟಿದ ಸುಲಭ್ ಸಂಸ್ಥೆ ಇದನ್ನು ದೇಶದ ತುಂಬ ಹರಡಿತು. ಪ್ಯಾನಿನಿಂದ ಹೊರಟ ಕೊಳವೆ ಪುಟ್ಟ ಚೇಂಬರಿನಲ್ಲಿ ಕವಲಾಗಿ ಎರಡು ಗುಂಡಿಗೆ ಹೋಗುತ್ತದೆ. ಒಂದು ಕವಲನ್ನು ಇಟ್ಟಿಗೆಯಿಟ್ಟು ಮುಚ್ಚಿರಬೇಕು. ಮೊದಲ ಗುಂಡಿ ತುಂಬಿದಾಗ ಅದನ್ನು ಮುಚ್ಚಿ, ಎರಡನೆಯದನ್ನು ತೆರೆಯಬೇಕು. ಗೋಡೆಯ ಕಿಂಡಿಗಳಿಂದ ನೀರು, ಅನಿಲ ಮಣ್ಣಿಗೆ ಇಂಗಿ, ಎರಡು ವರ್ಷದಲ್ಲಿ ಒಳಗಿನದು ನಾತವಿಲ್ಲದ, ಒಣಗಿದ ಗೊಬ್ಬರವಾಗುತ್ತದೆ. ಹಲವು ಕಡೆ ಎರಡು ಕವಲನ್ನೂ ತೆರೆದಿಟ್ಟಿರುವುದು ಕಾಣುತ್ತದೆ. ಆಗ ಎರಡೂ ಒಟ್ಟಿಗೆ ತುಂಬಿ, ಗೊಬ್ಬರವಾಗಲು ಯಾವುದಕ್ಕೂ ಬಿಡುವು ಸಿಗುವುದಿಲ್ಲ. ಸ್ನಾನದ ನೀರನ್ನು ಈ ಗುಂಡಿಗೆ ಬಿಡಬಾರದು. ಮಲೆನಾಡು, ಕರಾವಳಿಯಂತೆ ಮಳೆಗಾಲದಲ್ಲಿ ನೀರು ನೆಲಮಟ್ಟಕ್ಕೇ ಬರುವ ಕಡೆ ಗುಂಡಿಯನ್ನು ಎತ್ತರಿಸಿ ಕಟ್ಟಬೇಕು, ಬಾವಿಯಿಂದ ಸಾಧ್ಯವಾದಷ್ಟು ದೂರ ಇಡಬೇಕು.

ಇಳಿದವರ ಋಣ

ಈ ತಾಂತ್ರಿಕ ಮಾತುಗಳಿಗೆಲ್ಲ ಒಂದು ಮನುಷ್ಯ ಮುಖವಿದೆ. ನೀರಿನ ಬಾಗು ಬರುವ ಮೊದಲು ನಮ್ಮ ಊರುಗಳಲ್ಲಿ ಇದ್ದದ್ದು ಒಣ ಕಕ್ಕಸು. ಅದನ್ನು ಬಾಚಿ, ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತವರು ದಲಿತರು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆಮೇಲೂ ಕೋಲಾರದ ಚಿನ್ನದ ಗಣಿ ಕಾಲೊನಿಗಳಲ್ಲಿ ಒಣ ಕಕ್ಕಸುಗಳು ಉಳಿದಿದ್ದವು. ಅಲ್ಲಿ ಅದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ತಮ್ಮ ಊರಿನಿಂದಲೇ ಹೋರಾಟ ಆರಂಭಿಸಿದರು. ಅದರಿಂದ ಬೆಳೆದ ಸಫಾಯಿ ಕರ್ಮಚಾರಿ ಆಂದೋಲನ ದೇಶವ್ಯಾಪಿಯಾಯಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲ ಹೊರಿಸುವ ಪದ್ಧತಿಯನ್ನು ತಡೆಯಲು 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಅದಕ್ಕಿಂತ ಬಲವಾದ ಇನ್ನೊಂದು ಕಾಯ್ದೆ ಬಂದವು.

ಬುಟ್ಟಿ ಹೋಯಿತು, ಗುಂಡಿ ಉಳಿಯಿತು. ಕೊಳವೆಯ ವಾಟ ತಪ್ಪಿದಾಗ, ಕಮೋಡಿಗೆ ಸ್ಯಾನಿಟರಿ ಪ್ಯಾಡ್, ಡೈಪರ್, ಬಟ್ಟೆ ಚೂರು ಹಾಕಿ ಕಟ್ಟಿಸಿದಾಗ, ವರ್ಷಗಟ್ಟಲೆ ಹೂಳು ತೆಗೆಸದೆ ಸೆಪ್ಟಿಕ್ ಟ್ಯಾಂಕ್ ಗಟ್ಟಿಯಾದಾಗ, ನಾಲ್ಕು ಕಾಸು ಹೆಚ್ಚು ಕೊಡುತ್ತೇವೆಂದು ಯಾರನ್ನೋ ಒಳಗೆ ಇಳಿಸುವ ಯೋಚನೆ ಬರುತ್ತದೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ವಾಸನೆಯ ಶಕ್ತಿಯನ್ನೇ ಮರಗಟ್ಟಿಸುತ್ತದೆ. ನಾತ ಬರುತ್ತಿಲ್ಲ ಎಂದು ಇಳಿದವರು ಕ್ಷಣಗಳಲ್ಲಿ ಕುಸಿಯುತ್ತಾರೆ, ಎತ್ತಲು ಹೋದವರೂ ಕುಸಿಯುತ್ತಾರೆ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸತ್ತ ಸುದ್ದಿಗಳ ಹಿಂದಿನ ಕಾರಣ ಇದು.

2013ರ ಕಾಯ್ದೆಯ ಪ್ರಕಾರ ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳ ಅಪಾಯಕಾರಿ ಶುಚಿಕೆಲಸಕ್ಕೆ ಜನರನ್ನು ಹಚ್ಚುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಗುತ್ತಿಗೆದಾರರಿಗಷ್ಟೇ ಅಲ್ಲ, ಮನೆಯ ಯಜಮಾನರಿಗೂ ಇದು ಅನ್ವಯಿಸುತ್ತದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಇಳಿಸಿ ಚರಂಡಿ ಶುಚಿ ಮಾಡಿಸುವುದನ್ನು ನಿಲ್ಲಿಸಬೇಕೆಂದು ಆದೇಶಿಸಿತು.

ಕಾಯ್ದೆ ತನ್ನ ಕೆಲಸ ಮಾಡಲಿ. ನಾವು ಮಾಡಬೇಕಾದ ಕೆಲಸವೂ ಇದೆ. ಮನೆ ಕಟ್ಟಿಸುವವರು ನೆಲ ಮುಚ್ಚುವ ಮೊದಲು ಎಲ್ಲ ಕೊಳವೆಗಳ ಫೋಟೊ ತೆಗೆದು, ಗೋಡೆಯಿಂದ ಅವು ಎಷ್ಟು ದೂರವೆಂದು ಬರೆದಿಟ್ಟುಕೊಳ್ಳಿ. ಚೇಂಬರಿನ ಮುಚ್ಚಳದ ಮೇಲೆ ಟೈಲ್ಸ್ ಹಾಕಿಸಬೇಡಿ. ವೆಂಟ್ ಪೈಪ್ ಬೇಡವೆನ್ನುವ ಮೇಸ್ತ್ರಿಗೆ ಒಪ್ಪಬೇಡಿ. ಕಮೋಡಿಗೆ ಮಲ, ಮೂತ್ರ, ನೀರು ಇವಿಷ್ಟನ್ನು ಬಿಟ್ಟು ಬೇರೇನನ್ನೂ ಹಾಕಬೇಡಿ. ಸೆಪ್ಟಿಕ್ ಟ್ಯಾಂಕ್ ಉಕ್ಕುವವರೆಗೆ ಕಾಯದೆ ಹೂಳು ತೆಗೆಸುವ ವರ್ಷವನ್ನು ಗುರುತು ಹಾಕಿಕೊಳ್ಳಿ. ಕಟ್ಟಿಕೊಂಡಾಗ ಬೆಂಗಳೂರಿನಲ್ಲಾದರೆ ಜಲಮಂಡಳಿಯ 1916, ಬೇರೆ ಊರುಗಳಲ್ಲಾದರೆ ರಾಷ್ಟ್ರೀಯ ಸಹಾಯವಾಣಿ 14420ಕ್ಕೆ ಕರೆ ಮಾಡಿ, ಯಂತ್ರ ತರಿಸಿ. ಯಂತ್ರ ಬರುವುದು ಒಂದು ದಿನ ತಡವಾದರೆ ಒಂದು ದಿನ ಕಷ್ಟಪಡೋಣ. ಗುಂಡಿಯ ಮುಚ್ಚಳ ತೆಗೆದು ಮನುಷ್ಯನನ್ನು ಮಾತ್ರ ಇಳಿಸಬೇಡಿ.